ವಿನ್ಯಾಸದಲ್ಲಿ ಫಂಕ್ಷನ್‌ಗೂ ಅಫೋರ್ಡೆನ್ಸ್‌ಗೂ ಏನು ವ್ಯತ್ಯಾಸ?

ಫಂಕ್ಷನ್ ಅಂದರೆ ಒಂದು ವಸ್ತುವನ್ನು ಯಾವ ಕೆಲಸಕ್ಕೆಂದು ಮಾಡಿದ್ದಾರೆ ಎಂಬುದು. ಅದು ಮಾಡಿದವರ ಉದ್ದೇಶಕ್ಕೆ, ಇಲ್ಲವೇ ರೂಢಿಗೆ ಸೇರಿದ ಸಂಗತಿ. ಅಫೋರ್ಡೆನ್ಸ್ ಅಂದರೆ ಅದೇ ವಸ್ತುವಿನಿಂದ ಬಳಸುವವರಿಗೆ ಏನೇನು ಮಾಡಲು ಸಾಧ್ಯ ಎಂಬುದು; ಇಲ್ಲಿ ಮಾಡಿದವರ ಉದ್ದೇಶ ಲೆಕ್ಕಕ್ಕಿಲ್ಲ.

ಕುರ್ಚಿ ಇರುವುದು ಕೂರುವುದಕ್ಕೆ. ಆದರೆ ಅದರ ಮೇಲೆ ಹತ್ತಿ ಬಲ್ಬ್ ಬದಲಿಸಬಹುದು, ಒದ್ದೆ ಟವೆಲ್ ಹರವಬಹುದು, ಬಾಗಿಲು ಮುಚ್ಚದಂತೆ ಅಡ್ಡ ಇಡಬಹುದು. ಇವೆಲ್ಲ ಅಫೋರ್ಡೆನ್ಸ್‌ಗಳೇ. ಈಗಷ್ಟೇ ನಿಲ್ಲಲು ಕಲಿತ ಮಗುವಿಗೆ ಆ ಕುರ್ಚಿ ಕೂರಲು ಒದಗುವುದಿಲ್ಲ, ಹಿಡಿದು ನಿಲ್ಲಲು ಒದಗುತ್ತದೆ. ಅಂದರೆ ಇದು ವಸ್ತುವಿನ ಗುಣವಷ್ಟೇ ಅಲ್ಲ, ವಸ್ತುವಿಗೂ ಬಳಸುವ ದೇಹಕ್ಕೂ ಇರುವ ಸಂಬಂಧ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ 1970ರ ದಶಕದಲ್ಲಿ ಬಿಡಿಸಿ ಹೇಳಿದ್ದು ಇದನ್ನೇ. ನಮ್ಮ ಗಮನಕ್ಕೆ ಬರಲಿ, ಬಾರದಿರಲಿ, ಆ ಸಾಧ್ಯತೆ ಇದ್ದೇ ಇರುತ್ತದೆ ಎಂಬುದು ಅವರ ನಿಲುವು.

ಗೊಂದಲ ಶುರುವಾದದ್ದು 1988ರಲ್ಲಿ ವಿನ್ಯಾಸ ತಜ್ಞ ಡೊನಾಲ್ಡ್ ನಾರ್ಮನ್ ಈ ಪದವನ್ನು ವಿನ್ಯಾಸಕ್ಕೆ ತಂದ ಮೇಲೆ. ಅವರು ಒತ್ತು ಕೊಟ್ಟದ್ದು ಬಳಸುವವರಿಗೆ ತೋರುವ ಸಾಧ್ಯತೆಗೆ. ಆಮೇಲೆ ಕಂಪ್ಯೂಟರ್ ಪರದೆಯ ಮೇಲಿನ ಬಟನ್‌ಗೆ, ಒತ್ತಬಹುದು ಎಂದು ತೋರಿಸಲು ಹಾಕುವ ನೆರಳನ್ನೂ ಜನ ಅಫೋರ್ಡೆನ್ಸ್ ಎನ್ನತೊಡಗಿದರು (ಈಗಲೂ ಅನ್ನುತ್ತಾರೆ, ಬಿಡಿ). ಕೊನೆಗೆ ನಾರ್ಮನ್ ಅವರೇ ಅಂಥ ಸುಳಿವಿಗೆ ಸಿಗ್ನಿಫೈಯರ್ ಎಂಬ ಬೇರೆ ಹೆಸರು ಬಳಸಿದರು. ನನ್ನ ಪ್ರಕಾರ ಇದು ತುಂಬ ಉಪಯುಕ್ತ ವಿಂಗಡಣೆ. ತಳ್ಳಬೇಕಾದ ಬಾಗಿಲಿಗೆ ಎಳೆಯುವ ಹಿಡಿ ಹಾಕಿದ್ದಾರೆ ಅಂದುಕೊಳ್ಳಿ: ಫಂಕ್ಷನ್ ಸರಿಯಿದೆ, ತಳ್ಳಿದರೆ ತೆರೆಯುತ್ತದೆ, ಆದ್ದರಿಂದ ಅಫೋರ್ಡೆನ್ಸೂ ಇದೆ. ಕೆಟ್ಟಿರುವುದು ಸುಳಿವು ಮಾತ್ರ.