ಕೊಂಡ ಪುಸ್ತಕ, ಓದದ ಪುಸ್ತಕ

ಪ್ರಶ್ನೆ: ಮಾನ್ಯರೇ, ನಾನು ಸೇಡಂ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ಪುಸ್ತಕ ಮಳಿಗೆಗಳಲ್ಲೇ ಕಳೆದು, ಎರಡು ಚೀಲ ತುಂಬ ಪುಸ್ತಕ ತಂದೆ. ಓದಿದ್ದು ನಾಲ್ಕೇ ನಾಲ್ಕು. ಆಮೇಲೂ ಕೊಳ್ಳುವುದು ನಿಂತಿಲ್ಲ. ಗೋಡೆಯ ಗೂಡುಗಳು ತುಂಬಿ, ಈಗ ಕಟ್ಟುಗಳು ನೆಲಕ್ಕೆ ಬಂದಿವೆ. ಇದು ಹಣ ಪೋಲು ಮಾಡಿದಂತೆ ಎಂದು ಮನೆಯವರು ಹೇಳುತ್ತಾರೆ. ನನಗೂ ಒಳಗೊಳಗೇ ಹಾಗೆ ಅನ್ನಿಸುತ್ತದೆ. ಕೊಳ್ಳುವುದನ್ನು ಬಿಡಬೇಕೆ?

ಉತ್ತರ: ಬಿಡಬೇಕಾಗಿಲ್ಲ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಸಾವಿರ ಪ್ರತಿಯಷ್ಟೇ ಅಚ್ಚಾಗುತ್ತವೆ, ಮರುಮುದ್ರಣ ಕಾಣುವವು ಕೆಲವೇ. ಆದ್ದರಿಂದ ಕಂಡಾಗ ಕೊಳ್ಳದಿದ್ದರೆ ಮತ್ತೆ ಸಿಕ್ಕೀತೆಂಬ ಭರವಸೆ ಇರುವುದಿಲ್ಲ. ನಿಮ್ಮ ಕೊರಗಿಗೆ ಕಾರಣ, ಕೊಂಡದ್ದನ್ನೆಲ್ಲ ನೀವೊಬ್ಬರೇ ಓದಿ ಮುಗಿಸಬೇಕೆಂಬ ಹಟ. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3000 ಹಸ್ತಪ್ರತಿಗಳಿದ್ದುವೆಂದು ಇತಿಹಾಸ ಹೇಳುತ್ತದೆ. ಅಷ್ಟನ್ನೂ ಒಬ್ಬರೇ ಓದಿ ಮುಗಿಸಲೆಂದು ಯಾರೂ ಕೂಡಿಸಿರಲಾರರು. ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ಅವರ ಮೂರನೆಯ ಸೂತ್ರವೇ, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು. ಆ ಓದುಗರು ನೀವೇ ಆಗಿರಬೇಕೆಂದೇನೂ ಇಲ್ಲ.

ಮೊದಲು ಕಟ್ಟುಗಳನ್ನು ಬಿಚ್ಚಿ. ನಿಘಂಟು, ವಚನ ಸಂಪುಟ, ಶಾಸನ ಸಂಗ್ರಹಗಳು ಬೇಕಾದಾಗ ತೆರೆದು ನೋಡುವಂಥವು. ಅವನ್ನು ಓದದ ಪುಸ್ತಕಗಳ ಲೆಕ್ಕದಿಂದಲೇ ತೆಗೆದುಬಿಡಿ. ಈ ವರ್ಷ ಓದಲೇಬೇಕೆನ್ನುವ ಹತ್ತನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು, ಅವು ಮುಗಿಯುವವರೆಗೆ ಹೊಸದನ್ನು ಕೊಳ್ಳಬೇಡಿ. ಉಳಿದವುಗಳಲ್ಲಿ ಮಕ್ಕಳಿಗೆ ಒಪ್ಪುವವನ್ನು ಶಾಲೆಗೆ ಒಯ್ದು, ಹೆಸರು, ತಾರೀಖು ಬರೆಸಿಕೊಂಡು ಮನೆಗೆ ಕೊಟ್ಟು ಕಳಿಸಿ. ಒಂದೆರಡು ಪುಸ್ತಕ ಹಿಂದಿರುಗಿ ಬಾರದೆ ಹೋಗಬಹುದು. ಆ ನಷ್ಟವನ್ನು ನೀವು ಸಹಿಸಿಕೊಳ್ಳಬೇಕೆಂದು ನನ್ನ ಕೋರಿಕೆ. ನನ್ನ ಕಪಾಟಿನಲ್ಲಿ ಹನ್ನೊಂದು ವರ್ಷ ಕೂತಿದ್ದ ಪ್ರವಾಸ ಕಥನವೊಂದನ್ನು ಪಕ್ಕದ ಮನೆಯ ಹುಡುಗಿ ಒಯ್ದು, ನಾಲ್ಕೇ ದಿನದಲ್ಲಿ ಓದಿ ತಂದುಕೊಟ್ಟಳು. ಒಳಗಿದ್ದ ಅಂಗಡಿಯ ರಸೀತಿಯನ್ನು, ಅದು ನನ್ನ ಗುರುತೆಂದು ತಿಳಿದು, ಇದ್ದ ಪುಟದಲ್ಲಿಯೇ ಜೋಪಾನವಾಗಿ ಉಳಿಸಿದ್ದಳು. ಅದು 12ನೆಯ ಪುಟ. ಮುಂದೆ ಏನಾಗುತ್ತದೆಂದು ಅವಳು ಬಾಗಿಲಲ್ಲೇ ನಿಂತು ಹೇಳತೊಡಗಿದಾಗ, ಹೇಳಬೇಡವೆಂದು ತಡೆದು, ಅಂದು ರಾತ್ರಿಯೇ 13ನೆಯ ಪುಟದಿಂದ ಓದಲು ಕೂತೆ.

ಇನ್ನೊಂದು ಮಾತು, ಇದನ್ನು ಮುಂದೂಡಬೇಡಿ. ನೆಲದ ಮೇಲಿನ ಕಟ್ಟುಗಳನ್ನು ಮಳೆಗಾಲಕ್ಕೆ ಮುಂಚೆಯೇ ಎತ್ತಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ನಮ್ಮ ಕಡೆಯ ಬಿಸಿಲಿಗೆ ಕಾಗದ ಹಳದಿಗಟ್ಟಿ ಪುಡಿಯಾಗುವುದರಿಂದ ಪುಸ್ತಕಗಳನ್ನು ನೆರಳಿನಲ್ಲೇ ಗಾಳಿಗೆ ಹರಡಬೇಕು. ಎತ್ತುವಾಗ ಎಲ್ಲಕ್ಕಿಂತ ಕೆಳಗಿನ ಪುಸ್ತಕವನ್ನು ತಿರುಗಿಸಿ ನೋಡಿ; ಗೆದ್ದಲು ಹಿಡಿದಿದ್ದರೆ ಮಣ್ಣಿನ ಗೆರೆ ಅಲ್ಲಿಂದಲೇ ಮೇಲೇರಿರುತ್ತದೆ.