ಹಳೇ ಲಾರಿ ಹೊರಡುವ ಮುಂಚೆ ಚಕ್ರದಲ್ಲಿ ಏನು ನೋಡಬೇಕು?

ಹಳೇ ಹತ್ತು ಚಕ್ರದ ಲಾರಿ ನಿಮ್ಮ ಕೈಗೆ ಬಂದಿದೆ, ದಿನಾ ಟೈರಿಗೆ ಸುತ್ತಿಗೆಯಲ್ಲಿ ಬಡಿದು ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಹೆವಿ ಗಾಡಿಗಳ ಚಕ್ರ ಬಿಚ್ಚಿ ಕೂರಿಸುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಡಿದರೆ ಗೊತ್ತಾಗುವುದು ಪೂರ್ತಿ ಕೂತುಹೋದ ಟೈರ್ ಮಾತ್ರ. ಜೋಡಿ ಟೈರಿನ ಒಳಗಿನದರಲ್ಲಿ ಕಾಲು ಭಾಗ ಗಾಳಿ ಇಳಿದಿದ್ದರೂ ಸದ್ದಿನಲ್ಲಿ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲ. ಒಂದು ಒಳ್ಳೆ ಗೇಜ್ ಇಟ್ಟುಕೊಳ್ಳಿ, ಟೈರ್ ತಣ್ಣಗಿರುವಾಗ ಅಳೆಯಿರಿ. ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಟೈರಿನ ವಿಚಾರ ಇಷ್ಟು ಸಾಕು. ನನಗೆ ಅದಕ್ಕಿಂತ ಜಾಸ್ತಿ ಭಯ ನಟ್ಟಿನದ್ದು.

ನಟ್ ಬಿಗಿದಾಗ ಬೋಲ್ಟ್ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಸೆಳೆತವೇ ಡಿಸ್ಕನ್ನು (ರಿಮ್ಮಿನ ನಡುವೆ ಬೋಲ್ಟಿನ ತೂತುಗಳಿರುವ ತಟ್ಟೆ) ಹಬ್ಬಿಗೆ (ಆಕ್ಸಲ್ ತುದಿಯಲ್ಲಿ ಚಕ್ರ ಕೂರಿಸುವ, ತಿರುಗುವ ಭಾಗ) ಒತ್ತಿ ಹಿಡಿಯುವುದು. ಆ ಒತ್ತು ಕಮ್ಮಿಯಾದರೆ ಡಿಸ್ಕ್ ಪ್ರತಿ ಸುತ್ತಿಗೂ ಒಂಚೂರು ಜರುಗುತ್ತದೆ. ಬೋಲ್ಟ್ ಆ ಕಡೆ ಈ ಕಡೆ ಬಗ್ಗಿ ಬಗ್ಗಿ ದಣಿದು ಒಂದು ದಿನ ತುಂಡಾಗುತ್ತದೆ. ಒಂದು ಹೋದರೆ ಅದರ ಭಾರ ಪಕ್ಕದ್ದಕ್ಕೆ. ಹಳೇ ಗಾಡಿಯಲ್ಲಿ ಇನ್ನೊಂದು ತೊಂದರೆ: ಡಿಸ್ಕ್ ಮತ್ತು ಹಬ್ ನಡುವೆ ವರ್ಷಗಟ್ಟಲೆ ಬಳಿದ ಪೇಂಟ್, ತುಕ್ಕು, ಮಣ್ಣು ಕೂತಿರುತ್ತದೆ. ಓಡುತ್ತಾ ಅದು ಪುಡಿಯಾಗಿ ಉದುರಿದರೆ, ನಟ್ ಒಂದಿಷ್ಟೂ ತಿರುಗದೆ ಹಿಡಿತ ಹೋಗುತ್ತದೆ. ಅದಕ್ಕೇ ಚಕ್ರ ಬಿಚ್ಚಿದಾಗಲೆಲ್ಲ ಆ ಎರಡು ಮುಖಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬರೀ ಲೋಹ ಕಾಣುವ ಹಾಗೆ ಮಾಡಿ. ಚಂದ ಕಾಣಲಿ ಅಂತ ಅಲ್ಲಿ ಪೇಂಟ್ ಬಳಿಯಲೇಬೇಡಿ.

ಬೆಳಿಗ್ಗೆ ಪ್ರತಿ ಚಕ್ರದ ಮುಂದೆ ಕೂತು ಟಾರ್ಚ್ ಹಾಕಿ ನೋಡಿ. ನಟ್ಟಿನ ಬುಡದಿಂದ ರಿಮ್ಮಿನ ಕಡೆಗೆ ಕೆಂಪು ಗೆರೆ ಹರಿದಿದೆಯಾ? ಒಳಗೆ ಲೋಹ ಲೋಹಕ್ಕೆ ತಿಕ್ಕಿ ಎದ್ದ ಪುಡಿ ತುಕ್ಕಾಗಿ, ಚಕ್ರ ತಿರುಗುವ ರಭಸಕ್ಕೆ ಹೊರಗೆ ಚಿಮ್ಮಿದಾಗ ಬೀಳುವ ಗೆರೆ ಅದು. ನಟ್ಟಿನ ಪಕ್ಕ ಪೇಂಟ್ ಸವೆದು ಹೊಳೆಯುತ್ತಿದ್ದರೂ ಅದೇ ಅರ್ಥ. ಸುಮ್ನೆ ಒರೆಸಿ ಬಿಗಿದು ಹೊರಡಬೇಡಿ, ಬಿಚ್ಚಿ ನೋಡಿ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಡಿಸ್ಕ್ ಗುಜರಿಗೆ. ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು ಕಂಡರೂ ಅಷ್ಟೇ. ವೆಲ್ಡ್ ಮಾಡಿಸಿ ಓಡಿಸಿದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ.

ಬೋಲ್ಟ್ ಒಂದು ಮುರಿದಿದ್ದರೆ ಅದರ ಎರಡೂ ಪಕ್ಕದವನ್ನೂ ಬದಲಿಸಿ. ಒಂದೇ ಚಕ್ರದಲ್ಲಿ ಎರಡು ಅಥವಾ ಹೆಚ್ಚು ಮುರಿದಿದ್ದರೆ ಆ ಹಬ್ಬಿನ ಎಲ್ಲವನ್ನೂ ಬದಲಿಸಬೇಕು. ಉಳಿದವು ಗಟ್ಟಿಯಾಗಿ ಕಂಡರೂ ಅತಿ ಭಾರ ಹೊತ್ತು ಒಳಗೆ ದಣಿದಿರುತ್ತವೆ.

ಬಿಗಿಯುವಾಗ ಎರಡು ವಿಷಯ. ಹಳೇ ಗಾಡಿಗಳ ಎಡಗಡೆ ಚಕ್ರಕ್ಕೆ ಎಷ್ಟೋ ಸಲ ಎಡ ಥ್ರೆಡ್, ಅಂದರೆ ಮಾಮೂಲಿಗಿಂತ ಉಲ್ಟಾ ತಿರುಗಿಸಿ ಬಿಚ್ಚುವ ಮರೆ, ಇರುತ್ತದೆ, ಬೋಲ್ಟಿನ ತುದಿಯಲ್ಲಿ 'ಎಲ್' ಗುರುತು ಹುಡುಕಿ. ಗೊತ್ತಿಲ್ಲದೆ ಪಾನಾಗೆ ಉದ್ದದ ಪೈಪ್ ಹಾಕಿ ಉಲ್ಟಾ ತಿರುಗಿಸಿದರೆ ಬಿಚ್ಚುವ ಬದಲು ಬೋಲ್ಟೇ ತುಂಡಾಗುತ್ತದೆ. ಇನ್ನೊಂದು, ಹಳೇ ಬಗೆಯ ಜೋಡಿ ಚಕ್ರದಲ್ಲಿ ಒಳಚಕ್ರಕ್ಕೆ ಬೇರೆ ನಟ್, ಹೊರಚಕ್ರಕ್ಕೆ ಬೇರೆ ನಟ್ ಇರಬಹುದು. ಹೊರಗಿನದನ್ನು ಎಷ್ಟು ಬಿಗಿದರೂ ಒಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಒಂದು ಬಿಟ್ಟು ಒಂದರಂತೆ ಹೊರಗಿನ ನಟ್ ಸಡಿಲಿಸಿ, ಒಳಗಿನದನ್ನು ಬಿಗಿದು, ಹೊರಗಿನದನ್ನು ಮತ್ತೆ ಬಿಗಿಯಬೇಕು. ಆಮೇಲೆ ಉಳಿದವು. ತುಂಬಾ ಜನ ಬಿಡುವುದು ಇದನ್ನೇ.

ಎಷ್ಟು ಬಿಗಿಯಬೇಕು ಅನ್ನುವುದನ್ನು ಕೈಪಿಡಿ ನೋಡಿ, ಟಾರ್ಕ್ ರೆಂಚಿನಿಂದಲೇ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಬಿಗಿಯಿರಿ. ಡಿಸ್ಕಿನ ನಡುವಿನ ದೊಡ್ಡ ತೂತು ಹಬ್ಬಿನ ಮೇಲೆ ಕೂತು ಚಕ್ರ ನಿಲ್ಲುವ ಬಗೆಯ 22 ಎಂ.ಎಂ. ಬೋಲ್ಟುಗಳಿಗೆ ಸಾಮಾನ್ಯವಾಗಿ 610ರಿಂದ 680 ನ್ಯೂಟನ್ ಮೀಟರ್. ಅತಿಯಾಗಿ ಬಿಗಿದರೆ ಬೋಲ್ಟ್ ಹಿಗ್ಗಿದ್ದು ವಾಪಸ್ ಬರುವುದಿಲ್ಲ, ಅದೂ ಸಡಿಲಾದ ಹಾಗೆಯೇ. ಚಕ್ರ ಕೂರಿಸಿ 80ರಿಂದ 160 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಿ. ಅವಸರ ಇದೆ ಅಂತ ಇದನ್ನು ಬಿಡಬೇಡಿ, ಕೈ ಮುಗಿದು ಕೇಳುತ್ತೇನೆ.

ಹಬ್ ನೋಡುವುದು ಸುಲಭ. ಎಣ್ಣೆ ಅಥವಾ ಗ್ರೀಸ್ ಸೋರಿದ ಕಲೆ ಇದೆಯಾ ನೋಡಿ. ದಾರಿಯಲ್ಲಿ ನಿಂತಾಗ ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿದು ಬಿಸಿ ನೋಡಿ, ಒಂದೇ ಒಂದು ಹಬ್ ಬೇರೆಯವಕ್ಕಿಂತ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕಿನಲ್ಲಿ ಏನೋ ತೊಂದರೆ ಇದೆ ಅಂತ ಅರ್ಥ.

ಕೊನೆಯದಾಗಿ, ನಿಮ್ಮ ರಿಮ್ಮಿಗೆ ಲಾಕ್ ರಿಂಗ್, ಅಂದರೆ ಟೈರ್ ಕಳಚದ ಹಾಗೆ ರಿಮ್ಮಿನ ಅಂಚಿಗೆ ಬೇರೆಯಾಗಿ ಕೂರಿಸುವ ಉಕ್ಕಿನ ಬಳೆ, ಇದೆಯಾ ನೋಡಿ. ಇದ್ದರೆ ದಯವಿಟ್ಟು ಗಮನ ಕೊಟ್ಟು ಓದಿ. ಗಾಳಿ ತುಂಬಿರುವಾಗ ಆ ರಿಂಗ್ ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ರಿಂಗ್ ಸರಿಯಾಗಿ ಕೂತಿಲ್ಲ ಅಂತ ಗಾಳಿ ಇರುವಾಗ ಸುತ್ತಿಗೆಯಿಂದ ಬಡಿಯಬಾರದು. ಟೈರ್ ನಿಗದಿತ ಗಾಳಿಯ 80%ಗೆ ಅಥವಾ ಅದಕ್ಕಿಂತ ಕೆಳಗೆ ಇಳಿದು ಓಡಿದ್ದರೆ, ಒಳಗೆ ರಿಂಗ್ ಜರುಗಿರಬಹುದು. ಅಂಥ ಚಕ್ರವನ್ನು ಗಾಡಿಯಿಂದ ಬಿಚ್ಚುವ ಮುಂಚೆ ವಾಲ್ವಿನ ಪಿನ್ ತೆಗೆದು ಪೂರ್ತಿ ಗಾಳಿ ಬಿಡಬೇಕು. ಅಮೆರಿಕದ ಕಾರ್ಮಿಕ ಸುರಕ್ಷತೆಯ ಓಷಾ ನಿಯಮ 1910.177 ಇದನ್ನೇ ಹೇಳುತ್ತದೆ. ಜೋಡಿ ಚಕ್ರವಾದರೆ ಎರಡರದ್ದೂ ಬಿಡಿ. ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೇ ಆಗಬೇಕು, ನೀವು ದೂರದಲ್ಲಿ ಪಕ್ಕಕ್ಕೆ ನಿಂತಿರಬೇಕು. ಬೇರೆ ಬೇರೆ ಕಂಪನಿಯ ರಿಂಗ್, ರಿಮ್ ಸೇರಿಸಬೇಡಿ. ಟೈರ್ ಇರುವಾಗ ರಿಮ್ಮಿಗೆ ಬೆಂಕಿ ತೋರಿಸಬೇಡಿ, ಗಾಳಿ ಬಿಟ್ಟಿದ್ದರೂ ಸಿಡಿಯಬಹುದು.

ಅದೇ ಹಬ್ಬಿಗೆ ಹೊಂದುವ, ಅಷ್ಟೇ ಭಾರ ತಡೆಯುವ ಒಂದೇ ತುಂಡಿನ ರಿಮ್ ಸಿಗುವುದಾದರೆ, ಗಾಡಿಗೆ ನೀವು ಮಾಡುವ ಮೊದಲ ಖರ್ಚು ಅದೇ ಆಗಲಿ. ಬೋಲ್ಟ್ ತುದಿಯ ಗುರುತು, ರಿಮ್ಮಿನ ಮೇಲೆ ಕೊರೆದಿರುವ ಅಕ್ಷರಗಳ ಫೋಟೋ ಹಾಕಿ, ನಿಮ್ಮದು ಯಾವ ಬಗೆ ಅಂತ ನೋಡಿ ಹೇಳುತ್ತೇನೆ.