ಗಲಾಪಗೋಸ್ ದ್ವೀಪಗಳು ಬೇರೆ ದೇಶವೇ? ಅಲ್ಲಿ ಜನ ವಾಸಿಸುತ್ತಾರಾ?

ಬೇರೆ ದೇಶ ಅಲ್ಲ. ಗಲಾಪಗೋಸ್ ಈಕ್ವೆಡಾರ್‌ನ ಒಂದು ಪ್ರಾಂತ್ಯ, 1973ರಿಂದ. ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 1,000 ಕಿ.ಮೀ. ದೂರದಲ್ಲಿ, ಶಾಂತ ಸಾಗರದ ನಡುವೆ ಇದೆ. ಎಲ್ಲವೂ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು. ಇಸಬೆಲಾ ದ್ವೀಪ ಒಂದೇ ಒಟ್ಟು ನೆಲದ ಅರ್ಧಕ್ಕಿಂತ ಜಾಸ್ತಿ.

ಜನ ಖಂಡಿತ ಇದ್ದಾರೆ. 2022ರ ಜನಗಣತಿ ಪ್ರಕಾರ ಸುಮಾರು 28,500. ಹೆಚ್ಚಿನವರು ಇರುವುದು ಸಾಂತಾ ಕ್ರೂಸ್ ದ್ವೀಪದಲ್ಲಿ. ಅಲ್ಲಿನ ಪೋರ್ಟೊ ಅಯೋರಾ ಊರಿನ ಮೀನು ಕಟ್ಟೆಯಲ್ಲಿ ಮೀನು ಕೊಯ್ಯುವವರ ಕಾಲ ಬುಡದಲ್ಲೇ ಕಡಲಸಿಂಹ ಕೂತಿರುತ್ತದೆ, ಹಿಂದೆ ಪೆಲಿಕನ್‌ಗಳು ಸಾಲುಗಟ್ಟಿ ಕಾಯುತ್ತವೆ. ರಾಜಧಾನಿ ಮಾತ್ರ ಇದಲ್ಲ. ಅದು ಸಾನ್ ಕ್ರಿಸ್ಟೋಬಲ್ ದ್ವೀಪದ ಪೋರ್ಟೊ ಬಕೆರಿಸೊ ಮೊರೆನೊ.

ಆಡಳಿತವೇ ನನಗೆ ತುಂಬಾ ವಿಶೇಷ ಅನಿಸುವುದು. ನೆಲದ ಶೇ. 97ರಷ್ಟು ರಾಷ್ಟ್ರೀಯ ಉದ್ಯಾನ. ಮನೆ, ಹೊಲ, ರಸ್ತೆ ಎಲ್ಲ ಉಳಿದ ಶೇ. 3ರಲ್ಲೇ ಆಗಬೇಕು! ಪ್ರಾಂತ್ಯದಲ್ಲಿ ಮೂರು ಕ್ಯಾಂಟನ್‌ಗಳಿವೆ, ಅಂದರೆ ನಮ್ಮ ತಾಲ್ಲೂಕಿನ ಥರ. ಒಂದೊಂದಕ್ಕೂ ಚುನಾಯಿತ ಮೇಯರ್ ಇದ್ದಾರೆ. ಬೇರೆ ಪ್ರಾಂತ್ಯಗಳಲ್ಲಿ ಜನರೇ ಮುಖ್ಯಸ್ಥರನ್ನು ಆರಿಸುತ್ತಾರೆ. ಇಲ್ಲಿ ಹಾಗಲ್ಲ, ವಿಶೇಷ ಆಡಳಿತ ಮಂಡಳಿ ಇದೆ, ಅದರ ಅಧ್ಯಕ್ಷರನ್ನು ದೇಶದ ಅಧ್ಯಕ್ಷರೇ ನೇಮಿಸುತ್ತಾರೆ.

ಇನ್ನೊಂದು ವಿಷಯ. ಈಕ್ವೆಡಾರ್ ಪ್ರಜೆ ಕೂಡ ಸುಮ್ನೆ ಹೋಗಿ ಅಲ್ಲಿ ನೆಲೆಸುವಂತಿಲ್ಲ, ಅನುಮತಿ ಬೇಕು. 1998ರ ವಿಶೇಷ ಕಾನೂನು ಈ ಬಿಗಿ ತಂದಿತು. ವಿಮಾನ ಹತ್ತುವ ಮೊದಲೇ ಬ್ಯಾಗ್ ತಪಾಸಣೆ ಮಾಡುತ್ತಾರೆ. ಹೊರಗಿನ ಒಂದು ಬೀಜ, ಒಂದು ಹುಳ ಒಳಗೆ ಹೋದರೂ ಅಲ್ಲಿನ ಆಮೆ, ಹಕ್ಕಿಗಳಿಗೆ ಕುತ್ತು, ಅಲ್ವಾ?